ತುಂಬಿದ ಫಾರ್ಮ್ ವಾಪಸ್ ಬಂದಾಗ: ಡಿಫಾಲ್ಟ್ ಯಾವುದು, ಬಳಕೆದಾರರು ಕೊಟ್ಟದ್ದು ಯಾವುದು

ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ತೆಗೆದುಕೊಳ್ಳಿ. ಹೆಸರು, ವಿಳಾಸ, ಜಿಲ್ಲೆ, ಪಿನ್‌ಕೋಡ್, ಮನೆಯಲ್ಲಿ ದುಡಿಯುವವರ ಸಂಖ್ಯೆ, ವಾರ್ಷಿಕ ಆದಾಯ, ಎಸ್‌ಎಂಎಸ್ ಬೇಕೇ ಎಂದು ಕೇಳುವ ಚೆಕ್‌ಬಾಕ್ಸ್, ಕೊನೆಗೆ ಅಂಕಪಟ್ಟಿಯ ಫೈಲ್. ವಿದ್ಯಾರ್ಥಿನಿ ಎಲ್ಲವನ್ನೂ ತುಂಬಿ ಸಬ್‌ಮಿಟ್ ಒತ್ತುತ್ತಾಳೆ. ಪಿನ್‌ಕೋಡಿನಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ, ಹಾಗಾಗಿ ಸರ್ವರ್ ಫಾರ್ಮನ್ನು ತಪ್ಪಿನ ಸೂಚನೆಯೊಂದಿಗೆ ವಾಪಸ್ ಕಳಿಸುತ್ತದೆ. ಆಗ ಅವಳು ತುಂಬಿದ್ದೆಲ್ಲ ತುಂಬಿದ ಹಾಗೇ ಇರಬೇಕು. ಬೇಕೆಂದೇ ಖಾಲಿ ಬಿಟ್ಟದ್ದು ಖಾಲಿಯಾಗಿಯೇ ಇರಬೇಕು. ಟಿಕ್ ತೆಗೆದಿದ್ದ ಚೆಕ್‌ಬಾಕ್ಸ್ ಮತ್ತೆ ಟಿಕ್ ಆಗಿ ಕೂರಬಾರದು.

ಮೊದಲನೆಯದನ್ನು ಹೆಚ್ಚಿನ ಸ್ಕ್ರಿಪ್ಟ್‌ಗಳು ಮಾಡುತ್ತವೆ. ಎಡವುವುದು ಉಳಿದೆರಡರಲ್ಲಿ. ಕಾರಣವೂ ಒಂದೇ: "ಈ ಫೀಲ್ಡ್ ಖಾಲಿ ಇದೆಯೇ? ಹಾಗಾದರೆ ಡಿಫಾಲ್ಟ್ ಹಾಕು" ಎಂದು ಬರೆದುಬಿಡುತ್ತೇವೆ (ಡಿಫಾಲ್ಟ್ ಎಂದರೆ ಯಾರೂ ತುಂಬದಿದ್ದಾಗ ಇರಲಿ ಎಂದು ಸ್ಕ್ರಿಪ್ಟ್ ಮೊದಲೇ ಇಟ್ಟ ಮೌಲ್ಯ). ಕೇಳಬೇಕಾದ ಪ್ರಶ್ನೆ ಅದಲ್ಲ. "ಈ ಫಾರ್ಮ್ ಸಬ್‌ಮಿಟ್ ಆಗಿ ಬಂದಿದೆಯೇ?" ಎಂದು ಕೇಳಬೇಕು. ಸಬ್‌ಮಿಟ್ ಆಗಿದ್ದರೆ ಖಾಲಿಯೂ ಬಳಕೆದಾರರು ಕೊಟ್ಟ ಉತ್ತರವೇ. ಅಲ್ಲಿ ಡಿಫಾಲ್ಟ್‌ಗೆ ಕೆಲಸವಿಲ್ಲ.

ಮೌಲ್ಯ ಎಲ್ಲಿಂದ ಬರಬೇಕು

ಒಂದು ಫೀಲ್ಡಿನ ವ್ಯಾಲ್ಯೂ ಮೂರು ಕಡೆಯಿಂದ ಬರಬಹುದು: ಈಗಷ್ಟೇ ಸಬ್‌ಮಿಟ್ ಆದ ಡೇಟಾ, ಡೇಟಾಬೇಸಿನಲ್ಲಿ ಮೊದಲೇ ಉಳಿಸಿದ ದಾಖಲೆ, ಸ್ಕ್ರಿಪ್ಟಿನಲ್ಲಿ ಬರೆದಿಟ್ಟ ಡಿಫಾಲ್ಟ್. ಪ್ರತಿ ಫೀಲ್ಡಿನ ಹತ್ತಿರವೂ ಇದನ್ನು ಬೇರೆಬೇರೆಯಾಗಿ ನಿರ್ಧರಿಸಬೇಡಿ. ಒಂದೇ ಫಂಕ್ಷನ್ ಬರೆದು ಎಲ್ಲ ಫೀಲ್ಡ್‌ಗಳೂ ಅದನ್ನೇ ಕೇಳುವಂತೆ ಮಾಡಿ. ಪಿಎಚ್‌ಪಿ ಎಂಬ ಸರ್ವರ್ ಭಾಷೆಯನ್ನು ಮುಂದಿಟ್ಟುಕೊಂಡು ಹೇಳುವುದಾದರೆ ಅದರ ಒಳಗಿನ ಕ್ರಮ ಇದು:

1. ವಿನಂತಿಯ ಮೆಥಡ್ (ಬ್ರೌಸರ್ ಸರ್ವರನ್ನು ಕೇಳುವ ಬಗೆ: ಪುಟ ತೆರೆಯಲು ಗೆಟ್, ತುಂಬಿದ್ದನ್ನು ಕಳಿಸಲು ಪೋಸ್ಟ್) ಪೋಸ್ಟ್ ಆಗಿದೆಯೇ ನೋಡಿ. ಆಗಿದ್ದರೆ ಪೋಸ್ಟ್ ಡೇಟಾದಲ್ಲಿ ಆ ಹೆಸರಿನ ಕೀ ಹುಡುಕಿ. ಕೀ ಇದ್ದು, ಅದರ ವ್ಯಾಲ್ಯೂ ಸ್ಟ್ರಿಂಗ್ (ಪಠ್ಯ) ಆಗಿದ್ದರೆ ಅದನ್ನೇ ಕೊಡಿ. ಕೀ ಇಲ್ಲದಿದ್ದರೆ ಖಾಲಿ ಸ್ಟ್ರಿಂಗ್ ಕೊಡಿ. ಈ ಕವಲಿನಲ್ಲಿ ಡಿಫಾಲ್ಟ್ ಎಂಬ ಮಾತೇ ಬರಬಾರದು.
2. ಪೋಸ್ಟ್ ಅಲ್ಲ, ಆದರೆ ಹಳೆಯ ದಾಖಲೆಯ ತಿದ್ದುಪಡಿ ನಡೆಯುತ್ತಿದೆ ಎಂದಾದರೆ ದಾಖಲೆಯಲ್ಲಿದ್ದ ವ್ಯಾಲ್ಯೂ ಕೊಡಿ. ಅಲ್ಲಿ ನಲ್ (ಏನೂ ಇಲ್ಲ ಎಂಬ ಗುರುತು) ಇದ್ದರೆ ಖಾಲಿ ಸ್ಟ್ರಿಂಗ್ ಕೊಡಿ.
3. ಎರಡೂ ಅಲ್ಲದ, ಹೊಚ್ಚಹೊಸ ಫಾರ್ಮ್ ಆಗಿದ್ದರೆ ಮಾತ್ರ ಡಿಫಾಲ್ಟ್.

ಮೊದಲ ಹಂತದಲ್ಲಿ "ಸ್ಟ್ರಿಂಗ್ ಆಗಿದ್ದರೆ" ಎಂದದ್ದಕ್ಕೆ ಕಾರಣವಿದೆ. ಯಾರಾದರೂ ಫೀಲ್ಡಿನ ಹೆಸರಿನ ಕೊನೆಗೆ ಚೌಕ ಆವರಣ [] ಸೇರಿಸಿ ಕಳಿಸಿದರೆ ಪಿಎಚ್‌ಪಿ ಅದನ್ನು ಅರೇ (ವ್ಯಾಲ್ಯೂಗಳ ಪಟ್ಟಿ) ಮಾಡಿಬಿಡುತ್ತದೆ. ಪಿಎಚ್‌ಪಿ 8ರಲ್ಲಿ ಆ ಅರೇಯನ್ನು, ಪಠ್ಯವನ್ನು ಪುಟಕ್ಕೆ ಹಾಕಲು ಸುರಕ್ಷಿತ ಮಾಡುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಫಂಕ್ಷನ್‌ಗೆ ಕೊಟ್ಟರೆ ಟೈಪ್‌ಎರರ್ ಬಂದು ಪುಟವೇ ನಿಂತುಹೋಗುತ್ತದೆ.

ಸಬ್‌ಮಿಟ್ ಆಗಿದೆಯೇ ಎಂದು ತಿಳಿಯಲು ಸಬ್‌ಮಿಟ್ ಬಟನ್ನಿನ ಹೆಸರು ಪೋಸ್ಟ್‌ನಲ್ಲಿ ಬಂದಿದೆಯೇ ಎಂದು ನೋಡುವ ರೂಢಿ ಹಳೆಯದು. ಅದನ್ನು ನಂಬಬೇಡಿ. ಜಾವಾಸ್ಕ್ರಿಪ್ಟ್‌ನಿಂದ ಫಾರ್ಮಿನ ಸಬ್‌ಮಿಟ್ ಮೆಥಡ್ ಕರೆದರೆ ಬಟನ್ ಹೆಸರು ಹೋಗುವುದಿಲ್ಲ. ಎರಡು ಸಲ ಒತ್ತದಿರಲಿ ಎಂದು ಕ್ಲಿಕ್ ಆದ ಕೂಡಲೇ ಬಟನ್ನನ್ನು ಡಿಸೇಬಲ್ ಮಾಡಿದರೂ ಹೋಗುವುದಿಲ್ಲ. ಮೆಥಡ್ ನೋಡುವುದೇ ಸರಿ. ಗೆಟ್ ಮೂಲಕ ಹೋಗುವ ಹುಡುಕಾಟದ ಫಾರ್ಮಿನಲ್ಲಿ ಮಾತ್ರ ಮೆಥಡ್‌ನಿಂದ ಏನೂ ತಿಳಿಯದು. ಅಲ್ಲಿ 1 ಎಂಬ ವ್ಯಾಲ್ಯೂ ಇರುವ ಹಿಡನ್ ಫೀಲ್ಡ್ (ಪರದೆಯಲ್ಲಿ ಕಾಣದ ಫೀಲ್ಡ್) ಒಂದನ್ನು ಗುರುತಿಗೆ ಇಡಿ. ಅದು ಬಂದಿದ್ದರೆ ಫಾರ್ಮ್ ಸಬ್‌ಮಿಟ್ ಆಗಿದೆ ಎಂದರ್ಥ.

ಇದೇ ವಿಚಾರ ಪೈಥಾನಿನ ಜ್ಯಾಂಗೋ ಫ್ರೇಮ್‌ವರ್ಕಿನಲ್ಲಿ ಚೊಕ್ಕವಾಗಿ ಕಾಣಿಸುತ್ತದೆ. ಅಲ್ಲಿ ಡೇಟಾ ಕಟ್ಟಿದ ಫಾರ್ಮ್, ಕಟ್ಟದ ಫಾರ್ಮ್ ಎಂದು ಎರಡು ಸ್ಥಿತಿಗಳಿವೆ. ಪೋಸ್ಟ್ ಡೇಟಾ ಕೊಟ್ಟು ಫಾರ್ಮ್ ಕಟ್ಟಿದ ಮೇಲೆ, ಮತ್ತೆ ತೋರಿಸುವಾಗ ಇನಿಷಿಯಲ್ ಎಂದು ಕೊಟ್ಟ ಡಿಫಾಲ್ಟ್‌ಗಳನ್ನು ಅದು ಪರಿಗಣಿಸುವುದೇ ಇಲ್ಲ. ಪಿಎಚ್‌ಪಿಯ ಫ್ರೇಮ್‌ವರ್ಕ್ ಲಾರವೆಲ್‌ನಲ್ಲಿ ಹಿಂದೆ ತುಂಬಿದ್ದನ್ನು ಕೊಡುವ ಓಲ್ಡ್ ಫಂಕ್ಷನ್ ಹಾಗಲ್ಲ. ಹಿಂದಿನ ಇನ್‌ಪುಟ್‌ನಲ್ಲಿ ಕೀ ಸಿಗದಿದ್ದರೆ ಎರಡನೆಯ ಆರ್ಗ್ಯುಮೆಂಟಾಗಿ ಕೊಟ್ಟ ಡಿಫಾಲ್ಟ್ ವಾಪಸ್ ಬರುತ್ತದೆ. ಪಠ್ಯದ ಫೀಲ್ಡ್‌ಗೆ ಇದು ಸಾಕು. ಚೆಕ್‌ಬಾಕ್ಸ್‌ಗೆ ಸಾಲದು, ಏಕೆಂದು ಮುಂದೆ ನೋಡೋಣ.

ಸೊನ್ನೆ ಮಾಯವಾಗುವುದು

ಮನೆಯಲ್ಲಿ ದುಡಿಯುವವರ ಸಂಖ್ಯೆಗೆ ವಿದ್ಯಾರ್ಥಿನಿ 0 ಎಂದು ಬರೆದಿದ್ದಾಳೆ. ಫಾರ್ಮ್ ವಾಪಸ್ ಬಂದಾಗ ಅಲ್ಲಿ 1 ಇದೆ, ಏಕೆಂದರೆ ಡಿಫಾಲ್ಟ್ 1 ಆಗಿತ್ತು. ಅವಳು ಗಮನಿಸದೆ ಮತ್ತೆ ಸಬ್‌ಮಿಟ್ ಮಾಡಿದರೆ ತಪ್ಪು ಮಾಹಿತಿ ದಾಖಲಾಗಿ ಅವಳ ಅರ್ಹತೆಯೇ ಬದಲಾಗಬಹುದು.

ಪಿಎಚ್‌ಪಿಯಲ್ಲಿ "0" ಎಂಬ ಸ್ಟ್ರಿಂಗ್ ಕೂಡ ಸುಳ್ಳು ಎಂದೇ ಲೆಕ್ಕ. ಎಂಪ್ಟಿ ಫಂಕ್ಷನ್ ಅದನ್ನು ಖಾಲಿ ಎನ್ನುತ್ತದೆ, ?: ಆಪರೇಟರ್ ಅದನ್ನು ದಾಟಿ ಡಿಫಾಲ್ಟ್‌ಗೆ ಹೋಗುತ್ತದೆ. ಪಿಎಚ್‌ಪಿ 7ರಲ್ಲಿ ಬಂದ ?? ಆಪರೇಟರ್ ಕೀ ಇಲ್ಲದಿದ್ದಾಗ ಅಥವಾ ನಲ್ ಇದ್ದಾಗ ಮಾತ್ರ ಬಲಗಡೆಗೆ ಹೋಗುತ್ತದೆ, ಹಾಗಾಗಿ ಅದನ್ನೇ ಬಳಸಿ. ಪರ್ಲ್‌ನಲ್ಲೂ || ಬಳಸಿದರೆ ಸೊನ್ನೆ ಬಿದ್ದುಹೋಗುತ್ತದೆ, 5.10ರಿಂದ ಇರುವ // ಸರಿಯಾದದ್ದು. ಜಾವಾಸ್ಕ್ರಿಪ್ಟ್‌ನಲ್ಲಿ "0" ಸ್ಟ್ರಿಂಗ್ ಆಗಿರುವ ತನಕ ಉಳಿಯುತ್ತದೆ. ಅದನ್ನು ಸಂಖ್ಯೆಗೆ ಬದಲಿಸಿದ ಮೇಲೆ || ಹಾಕಿದರೆ ಹೋಗುತ್ತದೆ, ಅಲ್ಲೂ ?? ಇದೆ. ಪೈಥಾನಿನ ಆರ್ (or) ಕೂಡ ಸಂಖ್ಯೆಯಾದ 0 ಮತ್ತು ಖಾಲಿ ಸ್ಟ್ರಿಂಗ್ ಎರಡನ್ನೂ ದಾಟಿ ಹೋಗುತ್ತದೆ.

ಚೆಕ್‌ಬಾಕ್ಸ್: ಕಳಿಸದೇ ಇರುವುದೇ ಉತ್ತರ

ಟಿಕ್ ಇಲ್ಲದ ಚೆಕ್‌ಬಾಕ್ಸಿನ ಬಗ್ಗೆ ಬ್ರೌಸರ್ ಏನನ್ನೂ ಕಳಿಸುವುದಿಲ್ಲ, ಹೆಸರನ್ನೂ ಸಹ. ಟಿಕ್ ಇದ್ದರೆ ವ್ಯಾಲ್ಯೂ ಆಟ್ರಿಬ್ಯೂಟಿನಲ್ಲಿ ಇದ್ದದ್ದು ಹೋಗುತ್ತದೆ, ಅದನ್ನು ಬರೆದಿರದಿದ್ದರೆ "ಆನ್" ಎಂಬ ಪದ ಹೋಗುತ್ತದೆ. ಹಾಗಾಗಿ ಪೋಸ್ಟ್‌ನಲ್ಲಿ ಕೀ ಇಲ್ಲ ಎಂಬುದಕ್ಕೆ ಎರಡು ಅರ್ಥಗಳಿರಬಹುದು: ಬಳಕೆದಾರರು ಟಿಕ್ ತೆಗೆದಿದ್ದಾರೆ, ಇಲ್ಲವೇ ಆ ಚೆಕ್‌ಬಾಕ್ಸ್ ಈ ಫಾರ್ಮಿನಲ್ಲೇ ಇರಲಿಲ್ಲ. ಎಸ್‌ಎಂಎಸ್ ಬೇಡ ಎಂದು ಟಿಕ್ ತೆಗೆದವರಿಗೆ ಮತ್ತೆ ಟಿಕ್ ಹಾಕಿ ತೋರಿಸುವ ದೋಷ ಬರುವುದು ಇಲ್ಲಿಂದ. ಡಿಫಾಲ್ಟ್ ಟ್ರೂ ಎಂದು ಕೊಟ್ಟು ಓಲ್ಡ್ ಫಂಕ್ಷನ್ ಬಳಸಿದರೆ ಆಗುವುದೂ ಇದೇ: ಕೀ ಬಂದಿಲ್ಲ, ಆದ್ದರಿಂದ ಡಿಫಾಲ್ಟ್.

ಇದಕ್ಕೆ ಪರಿಹಾರ ಸರಳ. ಚೆಕ್‌ಬಾಕ್ಸಿನ ಸ್ವಲ್ಪ ಮೊದಲು ಅದೇ ಹೆಸರಿನ ಹಿಡನ್ ಫೀಲ್ಡ್ ಇಟ್ಟು ಅದರ ವ್ಯಾಲ್ಯೂ 0 ಮಾಡಿ, ಚೆಕ್‌ಬಾಕ್ಸಿನದು 1 ಇರಲಿ. ಟಿಕ್ ಇಲ್ಲದಿದ್ದರೆ 0 ಒಂದೇ ಹೋಗುತ್ತದೆ. ಟಿಕ್ ಇದ್ದರೆ ಎರಡೂ ಹೋಗುತ್ತವೆ, ಪಿಎಚ್‌ಪಿ ಕೊನೆಯದನ್ನು ಇಟ್ಟುಕೊಳ್ಳುವುದರಿಂದ 1 ಉಳಿಯುತ್ತದೆ. ರೂಬಿ ಆನ್ ರೈಲ್ಸ್‌ನ ಚೆಕ್‌ಬಾಕ್ಸ್ ಹೆಲ್ಪರ್ ಇದನ್ನು ತಾನೇ ಮಾಡುತ್ತದೆ. ಆದರೆ ಈ ತಂತ್ರವನ್ನು ಎಲ್ಲ ಕಡೆಗೂ ಕಣ್ಣುಮುಚ್ಚಿ ಒಯ್ಯಬೇಡಿ. ಜಾವಾ ಸರ್ವ್‌ಲೆಟ್‌ನ ಗೆಟ್‌ಪ್ಯಾರಾಮೀಟರ್ ಒಂದೇ ಹೆಸರಿನ ಹಲವು ವ್ಯಾಲ್ಯೂಗಳಲ್ಲಿ ಮೊದಲನೆಯದನ್ನು ಕೊಡುತ್ತದೆ, ಅಲ್ಲಿ ಯಾವಾಗಲೂ 0 ಸಿಗುತ್ತದೆ.

ಹಲವು ಚೆಕ್‌ಬಾಕ್ಸ್‌ಗಳ ಗುಂಪಿದ್ದರೆ ಚೌಕ ಆವರಣದ ಹೆಸರು ಕೊಟ್ಟು, ಗುಂಪಿನ ಮೊದಲು ಖಾಲಿ ವ್ಯಾಲ್ಯೂ ಇರುವ ಹಿಡನ್ ಒಂದನ್ನು ಹಾಕಿ. ಸರ್ವರಿನಲ್ಲಿ ಆ ಖಾಲಿಯನ್ನು ತೆಗೆದುಹಾಕಿದರೆ ಉಳಿದದ್ದೇ ಆಯ್ಕೆಗಳ ಪಟ್ಟಿ. ಯಾವುದು ಟಿಕ್ ಆಗಿರಬೇಕು ಎಂದು ಇನ್‌ಅರೇ ಫಂಕ್ಷನ್‌ನಿಂದ ನೋಡುವಾಗ ಮೂರನೆಯ ಆರ್ಗ್ಯುಮೆಂಟನ್ನು ಟ್ರೂ ಮಾಡಿ. ಇಲ್ಲದಿದ್ದರೆ ಪಿಎಚ್‌ಪಿ "01" ಮತ್ತು "1" ಎರಡನ್ನೂ ಒಂದೇ ಎಂದುಕೊಳ್ಳುತ್ತದೆ. ಹೋಲಿಸುವ ಮೊದಲು ಎರಡೂ ಕಡೆಯನ್ನು ಸ್ಟ್ರಿಂಗ್ ಮಾಡಿಕೊಳ್ಳಿ, ಡೇಟಾಬೇಸಿನಿಂದ ಬಂದದ್ದು ಇಂಟಿಜರ್ ಆಗಿರಬಹುದು.

ಡಿಸೇಬಲ್ ಮಾಡಿದ ಫೀಲ್ಡ್ ಕೂಡ ಹೀಗೆಯೇ ಮೌನವಾಗಿರುತ್ತದೆ, ಅದರ ವ್ಯಾಲ್ಯೂ ಹೋಗುವುದಿಲ್ಲ. ಬದಲಿಸಬಾರದು ಆದರೆ ಸರ್ವರಿಗೆ ಬರಬೇಕು ಎನ್ನುವ ಪಠ್ಯಕ್ಕೆ ರೀಡ್‌ಓನ್ಲಿ ಬಳಸಿ. ಸೆಲೆಕ್ಟ್‌ಗೆ (ಡ್ರಾಪ್‌ಡೌನ್ ಪಟ್ಟಿಗೆ) ರೀಡ್‌ಓನ್ಲಿ ಇಲ್ಲ, ಅಲ್ಲಿ ವ್ಯಾಲ್ಯೂವನ್ನು ಸರ್ವರೇ ದಾಖಲೆಯಿಂದ ಮತ್ತೆ ಓದಿಕೊಳ್ಳುವುದು ಒಳ್ಳೆಯದು.

ಎಸ್‌ಎಂಎಸ್ ಒಪ್ಪಿಗೆಯ ಚೆಕ್‌ಬಾಕ್ಸಿಗೆ ಡಿಫಾಲ್ಟ್ ಟಿಕ್ ಹಾಕಲೇಬೇಡಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ವ್ಯಕ್ತಿ ತಾನಾಗಿ ಮಾಡಿದ ಸ್ಪಷ್ಟ ಕ್ರಿಯೆಯ ಮೂಲಕವೇ ಕೊಡಬೇಕು ಎನ್ನುತ್ತದೆ. ಮೊದಲೇ ಟಿಕ್ ಮಾಡಿಟ್ಟ ಬಾಕ್ಸ್ ಒಪ್ಪಿಗೆ ಆಗದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲೇ ಹೇಳಿದೆ.

ಸೆಲೆಕ್ಟ್ ಪಟ್ಟಿ ತಾನೇ ಉತ್ತರ ಕೊಟ್ಟುಬಿಡುತ್ತದೆ

ಡ್ರಾಪ್‌ಡೌನ್‌ನಲ್ಲಿ ಯಾವ ಆಪ್ಷನ್ನಿಗೂ ಸೆಲೆಕ್ಟೆಡ್ ಇಲ್ಲದಿದ್ದರೆ ಬ್ರೌಸರ್ ಮೊದಲನೆಯದನ್ನೇ ಆರಿಸಿಕೊಳ್ಳುತ್ತದೆ. ಕರ್ನಾಟಕದ 31 ಜಿಲ್ಲೆಗಳನ್ನು ಕನ್ನಡ ಅಕಾರಾದಿಯಲ್ಲಿ ಇಟ್ಟರೆ ಮೊದಲು ಬರುವುದು ಉಡುಪಿ. ಪಟ್ಟಿಯನ್ನು ಮುಟ್ಟದೆ ಮುಂದೆ ಹೋದ ಪ್ರತಿಯೊಬ್ಬರೂ ಉಡುಪಿಯವರಾಗುತ್ತಾರೆ. ಮೊದಲ ಆಪ್ಷನ್ನಿಗೆ ಖಾಲಿ ವ್ಯಾಲ್ಯೂ ಕೊಟ್ಟು "ಜಿಲ್ಲೆ ಆರಿಸಿ" ಎಂದು ಬರೆದು, ಸೆಲೆಕ್ಟ್‌ಗೆ ರಿಕ್ವೈರ್ಡ್ ಹಾಕಿ. ಸರ್ವರಿನಲ್ಲೂ ಖಾಲಿಯನ್ನು ತಿರಸ್ಕರಿಸಿ.

ಆಪ್ಷನ್ನಿಗೆ ವ್ಯಾಲ್ಯೂ ಆಟ್ರಿಬ್ಯೂಟ್ ಬರೆಯದಿದ್ದರೆ ಅದರ ಪಠ್ಯವೇ ವ್ಯಾಲ್ಯೂ ಆಗಿ ಹೋಗುತ್ತದೆ. ಕನ್ನಡದ ಪಠ್ಯವನ್ನು ಹೀಗೆ ವ್ಯಾಲ್ಯೂ ಮಾಡುವುದು ಅಪಾಯ. ಕೋಲಾರದ "ಕೋ"ನಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಬೈಟ್‌ಗಳು ಬೇರೆ. ಹಳೆಯ ದಾಖಲೆಯಲ್ಲಿ ಒಂದು ರೂಪವಿದ್ದು, ಪಟ್ಟಿಯಲ್ಲಿ ಇನ್ನೊಂದು ರೂಪವಿದ್ದರೆ ಹೋಲಿಕೆ ತಪ್ಪಿ ಯಾವುದೂ ಸೆಲೆಕ್ಟ್ ಆಗುವುದಿಲ್ಲ. ಒತ್ತಕ್ಷರ ಆಗದಂತೆ ಜೋಡಣೆ ತಪ್ಪಿಸುವ, ಕಣ್ಣಿಗೆ ಕಾಣದ ಅಕ್ಷರ (ZWNJ) ಮಧ್ಯೆ ಸೇರಿಕೊಂಡರೂ ಅಷ್ಟೇ. ವ್ಯಾಲ್ಯೂಗೆ ಸಂಖ್ಯೆ ಅಥವಾ ಚಿಕ್ಕ ಕೋಡ್ ಇಡಿ, ಪಠ್ಯ ತೋರಿಸಲು ಮಾತ್ರ ಇರಲಿ. ಪಠ್ಯವನ್ನೇ ಹೋಲಿಸುವುದು ಅನಿವಾರ್ಯವಾದರೆ ಎರಡೂ ಕಡೆಯನ್ನು ಎನ್‌ಎಫ್‌ಸಿಗೆ, ಅಂದರೆ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ಯೂನಿಕೋಡ್ ರೂಪಕ್ಕೆ ತಂದುಕೊಳ್ಳಿ. ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿ ಇದಕ್ಕೆ ನಾರ್ಮಲೈಜರ್ ಕ್ಲಾಸ್ ಇದೆ.

ಇನ್ನೊಂದು ಸಂಗತಿ ತಿದ್ದುಪಡಿಯ ಫಾರ್ಮ್‌ಗಳದ್ದು. ಎರಡು ವರ್ಷದ ಹಿಂದೆ ಆರಿಸಿದ್ದ ಕೋರ್ಸ್ ಈಗ ಪಟ್ಟಿಯಲ್ಲಿಲ್ಲ ಎಂದುಕೊಳ್ಳಿ. ಫೋನ್ ನಂಬರ್ ಬದಲಿಸಲು ಬಂದವರು ಸೇವ್ ಒತ್ತಿದರೆ ಅವರ ಕೋರ್ಸ್ ಸದ್ದಿಲ್ಲದೆ ಖಾಲಿಯಾಗುತ್ತದೆ ಅಥವಾ ಬೇರೆ ಆಗುತ್ತದೆ. ದಾಖಲೆಯಲ್ಲಿರುವ ವ್ಯಾಲ್ಯೂ ಪಟ್ಟಿಯಲ್ಲಿ ಸಿಗದಿದ್ದರೆ ಅದನ್ನೂ ಒಂದು ಆಪ್ಷನ್ ಆಗಿ ಸೇರಿಸಿ, ಪಕ್ಕದಲ್ಲಿ "ಈಗ ಲಭ್ಯವಿಲ್ಲ" ಎಂದು ತೋರಿಸಿ.

ಪಠ್ಯ ವಾಪಸ್ ಹೋಗುವಾಗ ಎಸ್ಕೇಪ್ ಆಗಲೇಬೇಕು

ಬಳಕೆದಾರರು ಬರೆದದ್ದನ್ನು ಪುಟಕ್ಕೆ ಮತ್ತೆ ಹಾಕುತ್ತಿದ್ದೇವೆ, ಹಾಗಾಗಿ ಇಲ್ಲಿ ಭದ್ರತೆಯ ಪ್ರಶ್ನೆಯೂ ಇದೆ. ಹೆಸರಿನಲ್ಲಿ ಡಬಲ್ ಕ್ವೋಟ್ ಬಂದರೆ ವ್ಯಾಲ್ಯೂ ಆಟ್ರಿಬ್ಯೂಟ್ ಅಲ್ಲಿಗೇ ಮುಗಿದು, ಉಳಿದದ್ದು ಎಚ್‌ಟಿಎಂಎಲ್ ಆಗಿ ಓಡುತ್ತದೆ. ಸ್ಕ್ರಿಪ್ಟ್ ನುಗ್ಗಿಸುವವರಿಗೆ ಅಷ್ಟೇ ಸಾಕು. ಇಂಥ ಚಿಹ್ನೆಗಳನ್ನು ಬರಿಯ ಪಠ್ಯವಾಗಿ ಕಾಣುವ ಸಂಕೇತಕ್ಕೆ ಬದಲಿಸುವುದೇ ಎಸ್ಕೇಪ್. ಪಿಎಚ್‌ಪಿ 8.1ರಿಂದ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಸಿಂಗಲ್ ಕ್ವೋಟನ್ನೂ ತಾನಾಗಿಯೇ ಎಸ್ಕೇಪ್ ಮಾಡುತ್ತದೆ. ಅದಕ್ಕಿಂತ ಹಳೆಯದರಲ್ಲಿ ಡಬಲ್ ಮಾತ್ರ, ಉಳಿದದ್ದಕ್ಕೆ ಎರಡನೆಯ ಆರ್ಗ್ಯುಮೆಂಟ್ ಬೇಕು. ಆಟ್ರಿಬ್ಯೂಟ್‌ಗಳ ಸುತ್ತ ಸದಾ ಡಬಲ್ ಕ್ವೋಟ್ ಹಾಕುವ ಅಭ್ಯಾಸ ಇಟ್ಟುಕೊಳ್ಳಿ.

ಎಸ್ಕೇಪ್ ಮಾಡಬೇಕಾದದ್ದು ಪುಟಕ್ಕೆ ಬರೆಯುವ ಕ್ಷಣದಲ್ಲಿ, ಒಂದೇ ಸಲ. ಪೋಸ್ಟ್ ಬಂದ ಕೂಡಲೇ ಎಸ್ಕೇಪ್ ಮಾಡಿ ಡೇಟಾಬೇಸಿಗೆ ಹಾಕಿದರೆ, ತಿದ್ದಲು ತೆರೆದಾಗ ಅದು ಮತ್ತೊಮ್ಮೆ ಎಸ್ಕೇಪ್ ಆಗುತ್ತದೆ. ಆಗ "ರಾಮ & ಸನ್ಸ್" ಎಂದು ಬರೆದವರಿಗೆ & ಚಿಹ್ನೆಯ ಹಿಂದೆ ಅರ್ಥವಾಗದ ಅಕ್ಷರಗಳ ಬಾಲ ಕಾಣುತ್ತದೆ, ಪ್ರತಿ ಸೇವ್‌ಗೂ ಆ ಬಾಲ ಬೆಳೆಯುತ್ತದೆ.

ಕನ್ನಡ ಪಠ್ಯದಲ್ಲಿ ಇನ್ನೊಂದು ಬಲೆ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. "ಸ್ತ್ರೀ" ಎಂಬುದು ನೋಡಲು ಒಂದೇ ಅಕ್ಷರ, ಒಳಗೆ ಸ, ವಿರಾಮ, ತ, ವಿರಾಮ, ರ, ಈತ್ವ ಎಂಬ 6 ಸಂಕೇತಗಳಿವೆ, ಒಟ್ಟು 18 ಬೈಟ್. ಬೈಟ್ ಎಣಿಸುವ ಎಸ್‌ಟಿಆರ್‌ಲೆನ್ 18 ಎನ್ನುತ್ತದೆ, ಸಂಕೇತ ಎಣಿಸುವ ಎಂಬಿ ಎಸ್‌ಟಿಆರ್‌ಲೆನ್ 6 ಎನ್ನುತ್ತದೆ, ಬ್ರೌಸರಿನ ಮ್ಯಾಕ್ಸ್‌ಲೆಂತ್ ಕೂಡ 6 ಎಂದೇ ಎಣಿಸುತ್ತದೆ. ಹೆಸರನ್ನು 50ಕ್ಕೆ ಮಿತಗೊಳಿಸಲು ಬೈಟ್ ಲೆಕ್ಕದಲ್ಲಿ ಕತ್ತರಿಸುವ ಸಬ್‌ಎಸ್‌ಟಿಆರ್ ಬಳಸಿದರೆ 16 ಸಂಕೇತ ಮುಗಿದು ಹದಿನೇಳನೆಯದರ ನಡುವೆ ಕತ್ತರಿ ಬೀಳುತ್ತದೆ. ಆ ಮುರುಕು ಬೈಟ್‌ಗಳನ್ನು ಹಳೆಯ ಪಿಎಚ್‌ಪಿಯ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್‌ಗೆ ಕೊಟ್ಟರೆ ಅದು ಇಡೀ ಸ್ಟ್ರಿಂಗಿನ ಬದಲು ಖಾಲಿಯನ್ನು ಹಿಂದಿರುಗಿಸುತ್ತದೆ. ಹೆಸರು ತುಂಬಿ ಕಳಿಸಿದರೂ ಫೀಲ್ಡ್ ಖಾಲಿಯಾಗಿ ಬರುತ್ತಿದೆ, ಇಂಗ್ಲಿಷ್ ಹೆಸರಿಗೆ ಮಾತ್ರ ಸರಿಯಾಗಿದೆ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ. 8.1ರಿಂದ ಮುರುಕು ಬೈಟ್‌ಗಳ ಜಾಗದಲ್ಲಿ ಬದಲಿ ಚಿಹ್ನೆ ಕಾಣುತ್ತದೆ. ಎರಡಕ್ಕೂ ಪರಿಹಾರ ಸಂಕೇತದ ಲೆಕ್ಕದಲ್ಲಿ ಕತ್ತರಿಸುವ ಎಂಬಿ ಸಬ್‌ಎಸ್‌ಟಿಆರ್. ಇನ್ನೂ ಒಳ್ಳೆಯದು, ಕತ್ತರಿಸದೆ "ಹೆಸರು ಉದ್ದವಾಯಿತು" ಎಂದು ಹೇಳಿ ಪೂರ್ತಿ ಪಠ್ಯವನ್ನು ವಾಪಸ್ ಕೊಡುವುದು. ಮಿತಿಯನ್ನು ಇಂಗ್ಲಿಷ್ ಹೆಸರುಗಳ ಅಳತೆಯಲ್ಲಿ 20 ಅಥವಾ 25 ಎಂದು ಇಡಬೇಡಿ, ಒತ್ತಕ್ಷರಗಳಿರುವ ಕನ್ನಡ ಹೆಸರಿಗೆ ಅದು ಸಾಲುವುದಿಲ್ಲ.

ಟೆಕ್ಸ್ಟ್‌ಏರಿಯಾಗೆ ವ್ಯಾಲ್ಯೂ ಆಟ್ರಿಬ್ಯೂಟ್ ಇಲ್ಲ. ಪಠ್ಯ ತೆರೆಯುವ ಮತ್ತು ಮುಚ್ಚುವ ಟ್ಯಾಗ್‌ಗಳ ನಡುವೆ ಬರಬೇಕು. ಕೋಡ್ ಅಂದವಾಗಿರಲಿ ಎಂದು ಅಲ್ಲಿ ಇಂಡೆಂಟ್ ಮಾಡಿದರೆ ಆ ಸ್ಪೇಸ್‌ಗಳೆಲ್ಲ ವಿಳಾಸದ ಭಾಗವಾಗುತ್ತವೆ. ಜೊತೆಗೆ ತೆರೆಯುವ ಟ್ಯಾಗಿನ ನಂತರದ ಮೊದಲ ಹೊಸಸಾಲನ್ನು ಬ್ರೌಸರ್ ನುಂಗಿಬಿಡುತ್ತದೆ. ಬಳಕೆದಾರರ ಪಠ್ಯ ಖಾಲಿ ಸಾಲಿನಿಂದ ಶುರುವಾಗಿದ್ದರೆ ಪ್ರತಿ ಸುತ್ತಿನಲ್ಲೂ ಒಂದೊಂದು ಸಾಲು ಕರಗುತ್ತದೆ. ಟ್ಯಾಗ್ ಆದ ಮೇಲೆ ನೀವೇ ಒಂದು ಹೊಸಸಾಲು ಹಾಕಿಬಿಡಿ, ನುಂಗುವುದು ಅದನ್ನೇ. ಸಬ್‌ಮಿಟ್ ಆಗುವಾಗ ಪ್ರತಿ ಹೊಸಸಾಲೂ ಎರಡು ಅಕ್ಷರವಾಗಿ ಹೋಗುತ್ತದೆ ಎಂಬುದೂ ನೆನಪಿರಲಿ. ಬ್ರೌಸರಿನ ಮ್ಯಾಕ್ಸ್‌ಲೆಂತ್ ದಾಟದ ಪಠ್ಯ ಸರ್ವರಿನ ಎಣಿಕೆಯಲ್ಲಿ ಮಿತಿ ಮೀರುವುದು ಇದರಿಂದ. ಎಣಿಸುವ ಮೊದಲು ಆ ಜೋಡಿಯನ್ನು ಒಂದು ಮಾಡಿಕೊಳ್ಳಿ.

ಟೈಪ್ ಹೊಂದದಿದ್ದರೆ ಫೀಲ್ಡ್ ಖಾಲಿ

ಡೇಟ್ ಟೈಪಿನ ಫೀಲ್ಡ್‌ಗೆ ವ್ಯಾಲ್ಯೂ 2008-06-15 ಎಂಬ ಕ್ರಮದಲ್ಲೇ ಇರಬೇಕು. ಪರದೆಯಲ್ಲಿ 15-06-2008 ಎಂದು ಕಾಣುವುದು ಬ್ರೌಸರಿನ ಕೆಲಸ. ಡೇಟಾಬೇಸಿನಿಂದ ಬಂದ 15/06/2008 ಅನ್ನು ಹಾಗೇ ಕೊಟ್ಟರೆ ಬ್ರೌಸರ್ ಅದನ್ನು ಕೈಬಿಟ್ಟು ಫೀಲ್ಡನ್ನು ಖಾಲಿ ತೋರಿಸುತ್ತದೆ. ಪುಟದ ಸೋರ್ಸ್‌ನಲ್ಲಿ ವ್ಯಾಲ್ಯೂ ಇದೆ, ಪರದೆಯಲ್ಲಿ ಇಲ್ಲ ಎಂದಾದರೆ ಕಾರಣ ಹೆಚ್ಚಾಗಿ ಇದೇ.

ನಂಬರ್ ಟೈಪ್ ಕೂಡ ಹಾಗೆಯೇ. ಆದಾಯವನ್ನು ಅಂದವಾಗಿ 1,20,000 ಎಂದು ಕಾಮಾ ಹಾಕಿ ಕೊಟ್ಟರೆ ಫೀಲ್ಡ್ ಖಾಲಿ. "೨೫" ಎಂದು ಕನ್ನಡ ಅಂಕಿ ಕೊಟ್ಟರೂ ಖಾಲಿ. ಕನ್ನಡ ಅಂಕಿಗಳನ್ನು ಸ್ವೀಕರಿಸುವ ಉದ್ದೇಶವಿದ್ದರೆ ಟೈಪ್ ಟೆಕ್ಸ್ಟ್ ಇಟ್ಟು, ಮೊಬೈಲಿನ ಕೀಲಿಮಣೆಗಾಗಿ ಇನ್‌ಪುಟ್‌ಮೋಡ್ ನ್ಯೂಮೆರಿಕ್ ಕೊಡಿ. ಸರ್ವರಿನಲ್ಲಿ ೦ಯಿಂದ ೯ರ ತನಕದ ಅಂಕಿಗಳನ್ನು 0ಯಿಂದ 9ಕ್ಕೆ ಬದಲಿಸಿಯೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಗೆ ಮಾಡದೆ ನೇರವಾಗಿ ಇಂಟಿಜರ್ ಮಾಡಿದರೆ ಪಿಎಚ್‌ಪಿ 0 ಎನ್ನುತ್ತದೆ. ತಪ್ಪಿನೊಂದಿಗೆ ಫಾರ್ಮ್ ವಾಪಸ್ ಹೋಗುವಾಗ ಮಾತ್ರ ಬಳಕೆದಾರರು ಬರೆದ ರೂಪವನ್ನೇ ತೋರಿಸಿ. ಬದಲಿಸಿದ ರೂಪ ಡೇಟಾಬೇಸಿಗೆ, ಬರೆದ ರೂಪ ಪರದೆಗೆ. ಇದಕ್ಕಾಗಿ ಕಚ್ಚಾ ಪೋಸ್ಟ್ ಡೇಟಾವನ್ನು ತಿದ್ದದೆ, ಶುದ್ಧ ಮಾಡಿದ್ದನ್ನು ಬೇರೆ ಅರೇಯಲ್ಲಿ ಇಡಿ.

ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಸಂಖ್ಯೆಯ ಕಾಲಮ್ಮಿನಲ್ಲಿ ಉಳಿಸಬೇಡಿ, ಆರಂಭದ ಸೊನ್ನೆಗಳು ಹೋಗುತ್ತವೆ. ಅದು ಸ್ಟ್ರಿಂಗ್.

ವಾಪಸ್ ತುಂಬಬಾರದ್ದು

ಪಾಸ್‌ವರ್ಡನ್ನು ಪುಟಕ್ಕೆ ಮತ್ತೆ ಬರೆಯಬೇಡಿ, ಒಟಿಪಿಯನ್ನೂ ಅಷ್ಟೇ. ಫೈಲ್ ಫೀಲ್ಡ್‌ಗೆ ವ್ಯಾಲ್ಯೂ ತುಂಬಲು ಸರ್ವರಿಗೆ ದಾರಿಯೇ ಇಲ್ಲ. ಇಲ್ಲದಿದ್ದರೆ ಯಾವ ಜಾಲತಾಣವಾದರೂ ನಿಮ್ಮ ಕಂಪ್ಯೂಟರಿನ ಫೈಲ್ ಹೆಸರು ಬರೆದು ಅದನ್ನು ಎಳೆದುಕೊಳ್ಳಬಹುದಿತ್ತು. ಹಾಗಂತ ಪಿನ್‌ಕೋಡ್ ತಪ್ಪಿದ್ದಕ್ಕೆ ಅಂಕಪಟ್ಟಿಯನ್ನು ಮತ್ತೆ ಅಪ್‌ಲೋಡ್ ಮಾಡಿಸುವುದು, ಅದೂ ನಿಧಾನದ ನೆಟ್‌ವರ್ಕಿನಲ್ಲಿ, ಬಳಕೆದಾರರಿಗೆ ಅನ್ಯಾಯ. ಫೈಲ್ ಸರಿಯಾಗಿದ್ದರೆ ಅದನ್ನು ಮೂವ್ ಅಪ್‌ಲೋಡೆಡ್ ಫೈಲ್ ಫಂಕ್ಷನ್‌ನಿಂದ ಹೊರಗಿನವರಿಗೆ ತೆರೆಯದ ಫೋಲ್ಡರಿಗೆ ಸರಿಸಿ. ಸರಿಸದಿದ್ದರೆ ವಿನಂತಿ ಮುಗಿದ ಕೂಡಲೇ ಪಿಎಚ್‌ಪಿ ಅದನ್ನು ಅಳಿಸುತ್ತದೆ. ಅದರ ಗುರುತನ್ನು ಸೆಷನ್ನಿನಲ್ಲಿ (ಆ ಬಳಕೆದಾರರಿಗಾಗಿ ಸರ್ವರ್ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪಿನಲ್ಲಿ) ಇಟ್ಟು, ಫಾರ್ಮಿನಲ್ಲಿ "ಅಂಕಪಟ್ಟಿ ಸಿಕ್ಕಿದೆ, ಬದಲಿಸಬೇಕಿದ್ದರೆ ಮಾತ್ರ ಆರಿಸಿ" ಎಂದು ತೋರಿಸಿ. ಫೈಲಿನ ಪಾತ್ (ಅದು ಇರುವ ಫೋಲ್ಡರಿನ ವಿಳಾಸ) ಅನ್ನು ಹಿಡನ್ ಫೀಲ್ಡಿನಲ್ಲಿ ಇಡಬೇಡಿ, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ದಿನಕ್ಕೊಮ್ಮೆ ಹಳೆಯ ತಾತ್ಕಾಲಿಕ ಫೈಲ್‌ಗಳನ್ನು ಅಳಿಸುವ ಕೆಲಸವನ್ನೂ ಹಚ್ಚಿಡಿ.

ದೊಡ್ಡ ಫೈಲ್ ಕಳಿಸಿದಾಗ ಎಲ್ಲ ಫೀಲ್ಡ್‌ಗಳೂ ಒಟ್ಟಿಗೆ ಖಾಲಿಯಾಗಿ ಬಂದರೆ ಗಾಬರಿಯಾಗಬೇಡಿ. ಪಿಎಚ್‌ಪಿಯ ಪೋಸ್ಟ್ ಮ್ಯಾಕ್ಸ್ ಸೈಜ್ ಡಿಫಾಲ್ಟಾಗಿ 8 ಎಂಬಿ. ಅದನ್ನು ಮೀರಿದರೆ ಮೆಥಡ್ ಪೋಸ್ಟ್ ಎಂದೇ ಇರುತ್ತದೆ, ಆದರೆ ಪೋಸ್ಟ್ ಅರೇ ಪೂರ್ತಿ ಖಾಲಿ. ಪೋಸ್ಟ್ ಆಗಿದ್ದು, ಕಂಟೆಂಟ್ ಲೆಂತ್ ಸೊನ್ನೆಗಿಂತ ಹೆಚ್ಚಿದ್ದು, ಅರೇ ಖಾಲಿಯಿದ್ದರೆ "ಫೈಲ್ ದೊಡ್ಡದಾಯಿತು" ಎಂದು ಬೇರೆಯೇ ಸೂಚನೆ ಕೊಡಿ. ಇದರ ಜೊತೆಗಿನದ್ದು ಮ್ಯಾಕ್ಸ್ ಇನ್‌ಪುಟ್ ವಾರ್ಸ್, ಡಿಫಾಲ್ಟ್ 1000. ನೂರಾರು ಸಾಲುಗಳ ಅಂಕಪಟ್ಟಿಯಂಥ ಫಾರ್ಮಿನಲ್ಲಿ ಸಾವಿರದ ಆಚೆಗಿನ ಫೀಲ್ಡ್‌ಗಳು ಬಂದೇ ಇಲ್ಲವೇನೋ ಎಂಬಂತೆ ಕತ್ತರಿಸಿಹೋಗುತ್ತವೆ. ಫಾರ್ಮಿನ ಕಟ್ಟಕಡೆಯಲ್ಲಿ ಒಂದು ಹಿಡನ್ ಫೀಲ್ಡ್ ಇಟ್ಟು, ಅದು ಬಂದಿದೆಯೇ ಎಂದು ನೋಡುವುದು ಅಗ್ಗದ ಕಾವಲು.

ಹಿಡನ್ ಫೀಲ್ಡ್ ಮತ್ತು ಹಳೆಯ ಪರ್ಲ್

ಲಿಂಕನ್ ಸ್ಟೈನ್ ಬರೆದ ಪರ್ಲ್‌ನ ಸಿಜಿಐ ಮಾಡ್ಯೂಲ್ ಹಿಂದಿನ ವ್ಯಾಲ್ಯೂಗಳನ್ನು ಅಂಟಿಸಿಕೊಳ್ಳುವ ಫೀಲ್ಡ್‌ಗಳನ್ನು ತಾನಾಗಿಯೇ ಕೊಡುತ್ತಿತ್ತು. 2015ರ ಪರ್ಲ್ 5.22ರಲ್ಲಿ ಅದು ಮೂಲ ವಿತರಣೆಯಿಂದ ಹೊರಬಂತು. ಹಾಗಿದ್ದರೂ ಹಳೆಯ ಸ್ಕ್ರಿಪ್ಟ್ ಸಂಭಾಳಿಸುವವರಿಗೆ ಇದು ಇಂದಿಗೂ ಎದುರಾಗುತ್ತದೆ. ಅಲ್ಲಿ ಟೆಕ್ಸ್ಟ್‌ಫೀಲ್ಡ್‌ಗೆ ಕೊಟ್ಟ ಡಿಫಾಲ್ಟ್ ಮೊದಲ ಸಲ ಮಾತ್ರ ಕೆಲಸ ಮಾಡುತ್ತದೆ. ಆ ಹೆಸರಿನ ಪ್ಯಾರಾಮೀಟರ್ ಬಂದಿದ್ದರೆ ಅದೇ ಗೆಲ್ಲುತ್ತದೆ. ಇದು ಹಿಡನ್ ಫೀಲ್ಡ್‌ಗೂ ಅನ್ವಯಿಸುವುದರಿಂದ ಹಲವು ಹಂತದ ಫಾರ್ಮಿನಲ್ಲಿ ಹಂತದ ಸಂಖ್ಯೆ 2 ಎಂದು ಬರೆದರೂ ಪುಟದಲ್ಲಿ 1 ಎಂದೇ ಬರುತ್ತದೆ, ಅರ್ಜಿ ಮುಂದಕ್ಕೆ ಹೋಗುವುದೇ ಇಲ್ಲ. ಆ ಫೀಲ್ಡಿಗೆ ಮಾತ್ರ ಓವರ್‌ರೈಡ್ ಆಯ್ಕೆಯನ್ನು 1 ಮಾಡಿ, ಅಥವಾ ಫಾರ್ಮ್ ಬರೆಯುವ ಮೊದಲು ಪ್ಯಾರಾಮ್ ಮೂಲಕ ಹೊಸ ವ್ಯಾಲ್ಯೂ ಇಡಿ. ನೋಸ್ಟಿಕಿ ಎಂಬ ಪ್ರಾಗ್ಮಾ (ಮಾಡ್ಯೂಲಿಗೆ ಕೊಡುವ ಸೂಚನೆ) ಇಡೀ ಸ್ಕ್ರಿಪ್ಟಿಗೆ ಅಂಟುವಿಕೆ ನಿಲ್ಲಿಸುತ್ತದೆ, ಒಂದು ಫೀಲ್ಡಿಗಾಗಿ ಅಷ್ಟು ದೂರ ಹೋಗಬೇಕಿಲ್ಲ.

ನಿಮ್ಮ ಸ್ವಂತ ಫಂಕ್ಷನ್ನಿನಲ್ಲೂ ಇದೇ ಎಚ್ಚರ ಇರಲಿ. ಹಂತದ ಸಂಖ್ಯೆ, ಬೇರೆ ಜಾಲತಾಣದಿಂದ ನಕಲಿ ಸಬ್‌ಮಿಟ್ ಬರದಂತೆ ಕಾಯುವ ಸಿಎಸ್‌ಆರ್‌ಎಫ್ ಟೋಕನ್‌ನಂಥವು ಬಳಕೆದಾರರ ಉತ್ತರಗಳಲ್ಲ. ಅವು ಹಿಂದಿನ ಪೋಸ್ಟ್‌ನಿಂದ ಬರಬಾರದು, ಸರ್ವರೇ ಕೊಡಬೇಕು.

ರೀಸೆಟ್, ರೀಲೋಡ್, ಹಿಂದಕ್ಕೆ

ಬ್ರೌಸರಿನ ಲೆಕ್ಕದಲ್ಲಿ ವ್ಯಾಲ್ಯೂ ಆಟ್ರಿಬ್ಯೂಟ್ ಎಂದರೆ ಡಿಫಾಲ್ಟ್, ವ್ಯಾಲ್ಯೂ ಪ್ರಾಪರ್ಟಿ ಎಂದರೆ ಈಗ ಇರುವುದು. ರೀಸೆಟ್ ಬಟನ್ ಮರಳುವುದು ಆಟ್ರಿಬ್ಯೂಟಿಗೆ. ತಪ್ಪಿನೊಂದಿಗೆ ವಾಪಸ್ ಬಂದ ಫಾರ್ಮಿನಲ್ಲಿ ಆಟ್ರಿಬ್ಯೂಟ್ ಎಂದರೆ ಬಳಕೆದಾರರು ಹಿಂದೆ ತುಂಬಿದ್ದೇ ಆದ್ದರಿಂದ ರೀಸೆಟ್ ಫಾರ್ಮನ್ನು ಖಾಲಿ ಮಾಡುವುದಿಲ್ಲ. ಮೊದಲಿನಿಂದ ಶುರು ಮಾಡಲು ಅದೇ ಪುಟಕ್ಕೆ ಗೆಟ್ ಲಿಂಕ್ ಕೊಡಿ. ರೀಸೆಟ್ ಬಟನ್ನನ್ನು ತೆಗೆದುಬಿಡುವುದೇ ವಾಸಿ, ಸಬ್‌ಮಿಟ್ ಪಕ್ಕದಲ್ಲಿದ್ದು ಕೈತಪ್ಪಿ ಒತ್ತುವವರೇ ಹೆಚ್ಚು.

ಬಳಕೆದಾರರು ಒಮ್ಮೆ ಟೈಪ್ ಮಾಡಿದ ಮೇಲೆ ಜಾವಾಸ್ಕ್ರಿಪ್ಟ್‌ನಿಂದ ಆಟ್ರಿಬ್ಯೂಟ್ ಬದಲಿಸಿದರೆ ಪರದೆಯಲ್ಲಿ ಏನೂ ಆಗುವುದಿಲ್ಲ, ಪ್ರಾಪರ್ಟಿಯನ್ನೇ ಬದಲಿಸಬೇಕು. ಫೈರ್‌ಫಾಕ್ಸ್ ಸಾಮಾನ್ಯ ರೀಲೋಡ್‌ನಲ್ಲಿ ತುಂಬಿದ ವ್ಯಾಲ್ಯೂಗಳನ್ನು ಉಳಿಸಿಕೊಳ್ಳುತ್ತದೆ. ಡಿಫಾಲ್ಟ್ ಬದಲಿಸಿ ಪರೀಕ್ಷಿಸುವಾಗ ಹಳೆಯದೇ ಕಾಣುತ್ತಿದ್ದರೆ ಕೋಡನ್ನು ಅನುಮಾನಿಸುವ ಮೊದಲು ಶಿಫ್ಟ್ ಒತ್ತಿ ರೀಲೋಡ್ ಮಾಡಿ.

ಯಶಸ್ಸಿನ ನಂತರ ಪುಟವನ್ನು ನೇರವಾಗಿ ತೋರಿಸದೆ 303 ಸಂಕೇತದೊಂದಿಗೆ ಬೇರೆ ವಿಳಾಸಕ್ಕೆ ಕಳಿಸಿ, ಆಗ ರೀಲೋಡ್ ಮಾಡಿದರೂ ಅರ್ಜಿ ಎರಡು ಸಲ ದಾಖಲಾಗುವುದಿಲ್ಲ. ತಪ್ಪಿದ್ದಾಗ ಅದೇ ಉತ್ತರದಲ್ಲಿ 422 ಸಂಕೇತದೊಂದಿಗೆ ಫಾರ್ಮ್ ತೋರಿಸುವುದು ಸರಳ, ಪೋಸ್ಟ್ ಡೇಟಾ ಕೈಯಲ್ಲೇ ಇರುತ್ತದೆ. ತಪ್ಪಿದ್ದಾಗಲೂ ರೀಡೈರೆಕ್ಟ್ ಮಾಡುವುದಾದರೆ ಡೇಟಾವನ್ನು ಸೆಷನ್ನಿನಲ್ಲಿ ಇಟ್ಟು, ಒಮ್ಮೆ ಓದಿದ ಕೂಡಲೇ ಅಳಿಸಿ. ಅಂತಹ ಡೇಟಾಕ್ಕೆ ಫಾರ್ಮಿನ ಪ್ರತಿ ತೆರೆಯುವಿಕೆಗೂ ಬೇರೆ ಗುರುತು ಬೇಕು. ಇಲ್ಲದಿದ್ದರೆ ಎರಡು ಟ್ಯಾಬಿನಲ್ಲಿ ಅಕ್ಕ ಮತ್ತು ತಮ್ಮನ ಅರ್ಜಿ ತೆರೆದವರಿಗೆ ಒಂದರ ವಿವರ ಇನ್ನೊಂದರಲ್ಲಿ ಕಾಣುತ್ತದೆ.

ಕರಡನ್ನು ಬ್ರೌಸರಿನಲ್ಲಿ ಉಳಿಸುವುದು

ಉದ್ದದ ಅರ್ಜಿ ತುಂಬುವ ನಡುವೆ ಕರೆಂಟ್ ಹೋದರೆ ಸರ್ವರಿನ ಯಾವ ವ್ಯವಸ್ಥೆಯೂ ನೆರವಿಗೆ ಬರುವುದಿಲ್ಲ. ಅದಕ್ಕೆ ಬ್ರೌಸರೇ ಆ ಕಂಪ್ಯೂಟರಿನಲ್ಲಿ ಡೇಟಾ ಉಳಿಸುವ ಲೋಕಲ್‌ಸ್ಟೋರೇಜ್ ಇದೆ. ಪ್ರತಿ ಇನ್‌ಪುಟ್ ಈವೆಂಟ್ ಆದ ಮೇಲೆ ಅರ್ಧ ಸೆಕೆಂಡ್ ಸುಮ್ಮನಿದ್ದು ಬರೆಯಿರಿ, ಪ್ರತಿ ಅಕ್ಷರಕ್ಕೂ ಬರೆಯಬೇಡಿ. ಕೀಯಲ್ಲಿ ಫಾರ್ಮಿನ ಹೆಸರು, ಬಳಕೆದಾರರ ಗುರುತು, ಫಾರ್ಮಿನ ಆವೃತ್ತಿ ಮೂರೂ ಇರಲಿ, ಫೀಲ್ಡ್‌ಗಳು ಬದಲಾದಾಗ ಆವೃತ್ತಿ ಬದಲಿಸಿದರೆ ಹಳೆಯ ಕರಡು ಹೊಸ ಫಾರ್ಮಿಗೆ ಸೇರಿಕೊಳ್ಳುವುದಿಲ್ಲ. ಸರ್ವರ್ ತಪ್ಪಿನೊಂದಿಗೆ ಕಳಿಸಿದ ಪುಟದಲ್ಲಿ ಕರಡನ್ನು ತುಂಬಬೇಡಿ, ಅಲ್ಲಿ ಸರ್ವರಿನದ್ದೇ ಹೊಸದು. ಉಳಿದ ಕಡೆಯೂ ತಾನಾಗಿ ತುಂಬದೆ "ಹಿಂದಿನ ಕರಡು ಇದೆ, ತರಲೇ?" ಎಂದು ಕೇಳಿ. ಸ್ಕ್ರಿಪ್ಟ್‌ನಿಂದ ವ್ಯಾಲ್ಯೂ ಇಟ್ಟರೆ ಇನ್‌ಪುಟ್ ಈವೆಂಟ್ ಹುಟ್ಟುವುದಿಲ್ಲ, ಜಿಲ್ಲೆಯ ಮೇಲೆ ಅವಲಂಬಿಸಿದ ತಾಲೂಕಿನ ಪಟ್ಟಿ ಬದಲಾಗಬೇಕಿದ್ದರೆ ಈವೆಂಟನ್ನು ನೀವೇ ಕಳಿಸಿ. ಮೊದಲು ಜಿಲ್ಲೆ, ತಾಲೂಕುಗಳ ಪಟ್ಟಿ ಬಂದ ಮೇಲೆ ತಾಲೂಕು, ಈ ಕ್ರಮ ತಪ್ಪಿದರೆ ತಾಲೂಕು ಖಾಲಿಯಾಗಿ ಉಳಿಯುತ್ತದೆ.

ಕರಡನ್ನು ಅಳಿಸುವುದು ಸಬ್‌ಮಿಟ್ ಒತ್ತಿದಾಗಲ್ಲ, "ಅರ್ಜಿ ಸ್ವೀಕರಿಸಲಾಗಿದೆ" ಪುಟ ತೆರೆದಾಗ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಾಸ್‌ವರ್ಡ್‌ಗಳನ್ನು ಕರಡಿಗೆ ಸೇರಿಸಲೇಬಾರದು. ನಮ್ಮಲ್ಲಿ ಇಂಥ ಅರ್ಜಿಗಳನ್ನು ತುಂಬುವವರು ಬಹಳ ಮಂದಿ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ತುಂಬುತ್ತಾರೆ, ಲೋಕಲ್‌ಸ್ಟೋರೇಜ್‌ನಲ್ಲಿ ಬಿಟ್ಟದ್ದು ಮುಂದಿನ ಗ್ರಾಹಕರ ಕಣ್ಣಿಗೆ ಬೀಳುತ್ತದೆ. ಟ್ಯಾಬ್ ಮುಚ್ಚಿದೊಡನೆ ಅಳಿಯುವ ಸೆಷನ್‌ಸ್ಟೋರೇಜ್ ಅಲ್ಲಿಗೆ ಹೆಚ್ಚು ಸುರಕ್ಷಿತ. "ಇದು ನನ್ನ ಸ್ವಂತ ಸಾಧನ" ಎಂದು ಬಳಕೆದಾರರು ಹೇಳಿದರೆ ಮಾತ್ರ ಲೋಕಲ್‌ಸ್ಟೋರೇಜ್‌ಗೆ ಹೋಗಿ.

ಪರೀಕ್ಷಿಸುವಾಗ

ಹೆಸರಿನಲ್ಲಿ ಎರಡೂ ಬಗೆಯ ಕ್ವೋಟ್ ಮತ್ತು < ಚಿಹ್ನೆ ಹಾಕಿ. ದುಡಿಯುವವರ ಸಂಖ್ಯೆಗೆ 0 ಕೊಡಿ. ವಿಳಾಸವನ್ನು ಎರಡು ಖಾಲಿ ಸಾಲುಗಳಿಂದ ಶುರು ಮಾಡಿ. ಡಿಫಾಲ್ಟ್ ಟಿಕ್ ಇರುವ ಬಾಕ್ಸಿನ ಟಿಕ್ ತೆಗೆಯಿರಿ, ಡಿಫಾಲ್ಟ್ ಪಠ್ಯವಿರುವ ಫೀಲ್ಡನ್ನು ಖಾಲಿ ಮಾಡಿ. ಆದಾಯವನ್ನು ಕನ್ನಡ ಅಂಕಿಯಲ್ಲಿ ಬರೆಯಿರಿ, ಹೆಸರಿನ ಮಿತಿಯ ಅಂಚಿನಲ್ಲಿ "ಸ್ತ್ರೀ"ಯಂಥ ಒತ್ತಕ್ಷರ ಬರುವಂತೆ ನೋಡಿಕೊಳ್ಳಿ. ಪಿನ್‌ಕೋಡನ್ನು ಬೇಕೆಂದೇ ತಪ್ಪಾಗಿ ಕೊಟ್ಟು ಸಬ್‌ಮಿಟ್ ಮಾಡಿ. ವಾಪಸ್ ಬಂದ ಫಾರ್ಮನ್ನು ಮುಟ್ಟದೆ ಹಾಗೆಯೇ ಇನ್ನೊಮ್ಮೆ ಸಬ್‌ಮಿಟ್ ಮಾಡಿ, ಎರಡೂ ಸಲದ ಪುಟದ ಸೋರ್ಸನ್ನು ಹೋಲಿಸಿ. ಎರಡು ಸಲ ಎಸ್ಕೇಪ್ ಆಗುವುದು, ಹೊಸಸಾಲು ಕರಗುವುದು, ಫೈಲಿನ ಗುರುತು ಕಳೆದುಹೋಗುವುದು, ಇವೆಲ್ಲ ಬಯಲಾಗುವುದು ಆ ಎರಡನೆಯ ಸುತ್ತಿನಲ್ಲೇ.